ಬಿಳಿ ಚೀಟಿಯ ಕೆಳಗಿನ ಹೆಸರು

ನಾನು ನೆಲೆಸಿರುವ ಮ್ಯಾಂಚೆಸ್ಟರಿನ ಸುತ್ತಲಿನ ಹಳೆಯ ಗಿರಣಿ ಊರುಗಳಲ್ಲಿ ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಒಂದು ತಲೆಮಾರು ಇದೆ. ವಾರವಿಡೀ ಕಾರ್ಖಾನೆಯಲ್ಲೋ ಕಲ್ಲಿದ್ದಲ ಗಣಿಯಲ್ಲೋ ದುಡಿದು, ಶನಿವಾರ ರಾತ್ರಿ ಪೂರ್ತಿ ಕುಣಿದು, ಭಾನುವಾರ ಬೆಳಕು ಹರಿದ ಮೇಲೆ ಮನೆ ಸೇರುತ್ತಿದ್ದ ಜನ ಇವರು. ಅವರು ಕುಣಿದದ್ದು ಆಗಿನ ಜನಪ್ರಿಯ ಹಾಡುಗಳಿಗಲ್ಲ. 1960ರ ದಶಕದಲ್ಲಿ ಡೆಟ್ರಾಯ್ಟ್, ಶಿಕಾಗೊ, ಫಿಲಡೆಲ್ಫಿಯಾ ಮುಂತಾದ ಅಮೆರಿಕದ ನಗರಗಳಲ್ಲಿ ಹೆಚ್ಚಾಗಿ ಆಫ್ರಿಕನ್ ಮೂಲದ ಗಾಯಕರು ಹಾಡಿ, ತಮ್ಮ ಊರಿನಲ್ಲೇ ಕೊಳ್ಳುವವರಿಲ್ಲದೆ ಗೋದಾಮು ಸೇರಿದ್ದ, ಸೋಲ್ ಎಂಬ ಪ್ರಕಾರದ ಹಾಡುಗಳಿಗೆ. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಪತ್ರಕರ್ತ ಡೇವ್ ಗಾಡಿನ್ ಈ ಗೀಳಿಗೆ ನಾರ್ದರ್ನ್ ಸೋಲ್ ಎಂದು ಹೆಸರಿಟ್ಟ. ಹಳೆಯ ಹಾಡನ್ನು ಇವರು ಕಾಪಾಡಿಕೊಂಡ ಬಗೆಗೂ ಕನ್ನಡಿಗರಾದ ನಾವು ಕಾಪಾಡಿಕೊಂಡ ಬಗೆಗೂ ಅಜಗಜಾಂತರವಿದೆ. ನಮ್ಮದೇ ಮೇಲು ಎಂದು ಬಹಳ ದಿನ ನಂಬಿದ್ದ ನನಗೆ ಈಗ ಆ ಧೈರ್ಯ ಉಳಿದಿಲ್ಲ.

ಈ ಹಾಡುಗಳು ಅಪರೂಪವಾದದ್ದಕ್ಕೆ ಕಾರಣ ಸರಳ. ಡೆಟ್ರಾಯ್ಟಿನಲ್ಲಿ ಬೆರಿ ಗಾರ್ಡಿಯ ಮೋಟೌನ್ ಸಂಸ್ಥೆ ಗೆದ್ದದ್ದನ್ನು ಕಂಡು ಓಣಿಗೊಂದು ಸಣ್ಣ ಸಂಸ್ಥೆ ಹುಟ್ಟಿಕೊಂಡಿತು. ಅವು ಕೆಲವೇ ನೂರು ಗ್ರಾಮಫೋನ್ ತಟ್ಟೆ ಒತ್ತಿಸಿ ಸ್ಥಳೀಯ ರೇಡಿಯೊಗಳಿಗೆ ಹಂಚುತ್ತಿದ್ದವು. ರೇಡಿಯೊದವರು ಕೈಹಿಡಿಯದಿದ್ದರೆ ಅಲ್ಲಿಗೆ ಆ ಹಾಡಿನ ಕಥೆ ಮುಗಿಯುತ್ತಿತ್ತು. ಮುಂದೆ ಅಮೆರಿಕದ ಸೋಲ್ ಸಂಗೀತ ಫಂಕ್ ಎಂಬ ಬೇರೆ ಶೈಲಿಯ ಕಡೆಗೆ ತಿರುಗಿದರೂ ಇಂಗ್ಲೆಂಡಿನ ಉತ್ತರದವರು ಹಳೆಯ ವೇಗದ ತಾಳವನ್ನು ಬಿಡಲಿಲ್ಲ. ಹೊಸ ಹಾಡು ಹುಟ್ಟುವುದು ನಿಂತಿದ್ದರಿಂದ, ಯಾರೂ ಕೇಳದ ಹಳೆಯ ಹಾಡನ್ನು ಹುಡುಕಿ ತರುವುದೊಂದೇ ಅವರಿಗಿದ್ದ ದಾರಿ. ಹಾಗಾಗಿ ಇಲ್ಲಿನ ಡೀಜೆಗಳೂ ವ್ಯಾಪಾರಿಗಳೂ ಅಮೆರಿಕಕ್ಕೆ ಹಾರಿ ಗೋದಾಮು ಜಾಲಾಡಿದರು.

ಆ ಹುಡುಕಾಟದಲ್ಲಿ ಒಂದು ಕೆಟ್ಟ ಪದ್ಧತಿ ಬೆಳೆಯಿತು. ತನಗೆ ಸಿಕ್ಕ ತಟ್ಟೆ ಬೇರೆಯವರಿಗೆ ಸಿಗಬಾರದೆಂದು ಡೀಜೆ ಅದರ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಗಾಯಕನಿಗೂ ಹಾಡಿಗೂ ಬೇರೆ ಹೆಸರು ಕಟ್ಟಿ ಹೇಳುತ್ತಿದ್ದ. ಇದರ ಅತಿ ದೊಡ್ಡ ಉದಾಹರಣೆ ಫ್ರಾಂಕ್ ವಿಲ್ಸನ್. 1965ರಲ್ಲಿ ಅವನು ಮೋಟೌನಿನ ಒಂದು ಉಪಸಂಸ್ಥೆಗೆ 'ಡು ಐ ಲವ್ ಯು' ಎಂಬ ಹಾಡನ್ನು ಹಾಡಿದ. ಬಿಡುಗಡೆಗೆ ಮುನ್ನ ಪರಿಚಯಕ್ಕೆಂದು ಒತ್ತಿದ ಪ್ರತಿಗಳನ್ನು, ಅವನು ಗಾಯಕನಾಗುವುದಕ್ಕಿಂತ ನಿರ್ಮಾಪಕನಾಗುವುದನ್ನೇ ಆರಿಸಿಕೊಂಡದ್ದರಿಂದ, ನಾಶಮಾಡಿಸಲಾಯಿತು ಎನ್ನುತ್ತಾರೆ. ಹೇಗೋ ಉಳಿದ ಒಂದು ಪ್ರತಿ ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡ್ ತಲುಪಿ ವಿಗನ್ ಕ್ಯಾಸಿನೊ ಎಂಬ ಕುಣಿತದ ಸಭಾಂಗಣದಲ್ಲಿ ಮೊಳಗಿತು. ಆದರೆ ಅಲ್ಲಿ ಕುಣಿದವರು ಗಾಯಕನ ಹೆಸರು ಎಡ್ಡಿ ಫಾಸ್ಟರ್ ಎಂದು ತಿಳಿದುಕೊಂಡಿದ್ದರು. 2009ರಲ್ಲಿ ಆ ಹಾಡಿನ ಒಂದು ಪ್ರತಿ ಇಪ್ಪತ್ತೈದು ಸಾವಿರ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. 2020ರಲ್ಲಿ ಒಂದು ಪ್ರತಿ 1,00,000 ಪೌಂಡಿಗೆ ಕೈಬದಲಾಯಿತೆಂದು ವರದಿಯಾಯಿತು. ಈ ಮಾರಾಟದ ಹಣದಲ್ಲಿ ಹಾಡಿದವನಿಗೆ ಬಿಡಿಗಾಸೂ ಸೇರುವುದಿಲ್ಲ. ಹಳೆಯ ತಟ್ಟೆಯ ವ್ಯಾಪಾರದ ನಿಯಮವೇ ಅದು. ವಿಲ್ಸನ್ನನೇನೋ ಮುಂದೆ ಮೋಟೌನಿನ ಹೆಸರಾಂತ ನಿರ್ಮಾಪಕನಾಗಿ ಬಾಳಿ 2012ರಲ್ಲಿ ತೀರಿಕೊಂಡ. ಗಾಯಕ ಡ್ಯಾರೆಲ್ ಬ್ಯಾಂಕ್ಸ್‌ಗೆ ಅಷ್ಟೂ ದಕ್ಕಲಿಲ್ಲ. 1966ರಲ್ಲಿ ಒಂದು ಒಳ್ಳೆಯ ಹಾಡಿನಿಂದ ಗುರುತಿಸಿಕೊಂಡ ಅವನು 1970ರಲ್ಲಿ ಡೆಟ್ರಾಯ್ಟಿನ ಬೀದಿಯಲ್ಲಿ ಗುಂಡೇಟಿಗೆ ಸತ್ತ. ಅದೇ ಹಾಡಿನ ಇಂಗ್ಲೆಂಡ್ ಮುದ್ರಣದ ಒಂದೇ ಒಂದು ತಟ್ಟೆ ಅವನು ಸತ್ತು ನಾಲ್ಕು ದಶಕ ಕಳೆದ ಮೇಲೆ 14,000 ಪೌಂಡ್ ದಾಟಿ ಮಾರಾಟವಾಯಿತು.

ವಿಗನ್ ಕ್ಯಾಸಿನೊ 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ನಡೆಯಿತು. ಹೆಸರು ಕ್ಯಾಸಿನೊ ಆದರೂ ಅದು ಜೂಜುಕಟ್ಟೆಯಲ್ಲ, ಕುಣಿತದ ಸಭಾಂಗಣ. ಭಜನೆಯ ಕೊನೆಗೆ ಮಂಗಳ ಹಾಡುವಂತೆ ಅಲ್ಲಿನ ಪ್ರತಿ ಇರುಳೂ ಬೆಳಗಿನ ಎಂಟಕ್ಕೆ ಮುನ್ನ ಅವೇ ಮೂರು ಹಾಡುಗಳಿಂದ ಮುಗಿಯುತ್ತಿತ್ತು. ಅವುಗಳಲ್ಲೊಂದನ್ನು ಹಾಡಿದ ಜಿಮ್ಮಿ ರ‍್ಯಾಡ್‌ಕ್ಲಿಫ್ ಕ್ಯಾಸಿನೊ ಬಾಗಿಲು ತೆರೆಯುವ ಎರಡು ತಿಂಗಳ ಮುಂಚೆಯೇ ತೀರಿಕೊಂಡಿದ್ದ. ಇನ್ನೊಂದನ್ನು ಹಾಡಿದ ಡೀನ್ ಪ್ಯಾರಿಷ್‌ಗೆ ತನ್ನ ದನಿಗೆ ಇಲ್ಲಿ ಸಾವಿರಾರು ಜನ ಕಣ್ಣೀರಿಡುತ್ತಾರೆಂಬುದು ಗೊತ್ತಾದದ್ದು ದಶಕಗಳ ಬಳಿಕ.

ಈ ಬಿಳಿ ಚೀಟಿಯ ಸಂಗತಿ ತಿಳಿದಾಗ ನನಗೆ ಥಟ್ಟನೆ ನೆನಪಾದವಳು ಗೌಹರ್ ಜಾನ್. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಮಾಡಿಕೊಂಡಾಗ, ಹಾಡಿದವರು ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಬೇಕಿತ್ತು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದುದರಿಂದ, ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ಲೇಬಲ್ ಅಂಟಿಸಬೇಕೆಂಬುದು ಆ ಕೂಗಿನಿಂದಲೇ ಗೊತ್ತಾಗಬೇಕಿತ್ತು. ಭಾರತದ ಗ್ರಾಮಫೋನಿನ ಮೊದಲ ತಾರೆಯಾದ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಎಷ್ಟು ಠೀವಿಯಿಂದ ಹೇಳುತ್ತಾಳೆಂದರೆ, ಹಾಡಿಗಿಂತ ಆ ಒಂದು ಸಾಲನ್ನೇ ಮತ್ತೆ ಮತ್ತೆ ಕೇಳಬೇಕೆನಿಸುತ್ತದೆ. ಅವಳು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಅಂದರೆ ನಮ್ಮಲ್ಲಿ ಗಾಯಕಿಯ ಹೆಸರು ತಟ್ಟೆಯೊಳಗೇ ಅಚ್ಚಾಗಿತ್ತು, ಯಾರೂ ಅದನ್ನು ಮುಚ್ಚುವ ಹಾಗಿರಲಿಲ್ಲ. ಹಾಗಿದ್ದೂ ಮೈಸೂರಿನಲ್ಲಿ ಓದಿ ಬೆಳೆದ ನನ್ನ ಗೆಳೆಯರಿಗೆ ಆಕೆ ತೀರಿಕೊಂಡದ್ದು ತಮ್ಮ ಊರಿನಲ್ಲೇ ಎಂದು ಗೊತ್ತಿರಲಿಲ್ಲ.

ಹೆಸರು ಮುಚ್ಚಿಟ್ಟವರ ಊರಿನಲ್ಲಿ ಈಗ ಪರಿಸ್ಥಿತಿ ಹೇಗಿದೆ ಎಂಬುದಕ್ಕೆ ಇಲ್ಲಿನ ರೆಕಾರ್ಡ್ ಸಂತೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಾರ್ಮಿಕರ ಕ್ಲಬ್ಬೊಂದರ ಹಜಾರದಲ್ಲಿ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳು, ಅವುಗಳಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಏಳಿಂಚಿನ ತಟ್ಟೆಗಳು. ಒಂದರ ಬೆಲೆ 300 ಪೌಂಡ್ ಎಂದಿತ್ತು. ಅದರಲ್ಲಿ ಅಂಥದ್ದೇನಿದೆ ಎಂದು ವ್ಯಾಪಾರಿಯನ್ನು ಕೇಳಿದೆ. ಆತ ತಟ್ಟೆಯ ಅಂಚನ್ನೂ ನಡುವಿನ ತೂತನ್ನೂ ಮಾತ್ರ ಮುಟ್ಟಿ ಹೊರತೆಗೆದು, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು, ಕೊನೆಯ ಗೀರಿಗೂ ಲೇಬಲ್ಲಿಗೂ ನಡುವೆ ಇರುವ ನುಣುಪಾದ ಪಟ್ಟಿಯನ್ನು ತೋರಿಸಿದ. ಅಲ್ಲಿ ಮೊಳೆಯಿಂದ ಗೀಚಿದ ಹಾಗೆ ಕೆಲವು ಅಂಕಿಗಳಿದ್ದವು. ಅವು ಕೈಬರಹವಾದ್ದರಿಂದ ಇದು ಅಸಲಿ, ಎಪ್ಪತ್ತರ ದಶಕದ ಕಳ್ಳಮುದ್ರಣದಲ್ಲಿ ಅವು ಬೇರೆಯಾಗಿರುತ್ತವೆ ಎಂದ. ಹಾಡು ಯಾವ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾಯಿತು, ವಾದ್ಯ ಸಂಯೋಜಿಸಿದವರು ಯಾರು, ಗಾಯಕಿ ಆಮೇಲೆ ಹಾಡುವುದನ್ನು ಬಿಟ್ಟು ಯಾವ ಊರು ಸೇರಿದಳು ಎಂಬುದೆಲ್ಲವೂ ಅವನಿಗೆ ಬಾಯಿಪಾಠ. ಮೋಟೌನ್ ತನ್ನ ವಾದ್ಯಗಾರರಾದ ಫಂಕ್ ಬ್ರದರ್ಸ್ ತಂಡದ ಹೆಸರುಗಳನ್ನು 1971ರವರೆಗೂ ತಟ್ಟೆಯ ಹೊದಿಕೆಯ ಮೇಲೆ ಹಾಕುತ್ತಿರಲಿಲ್ಲ. ಅದೇ ವಾದ್ಯಗಾರರು ಮೋಟೌನಿಗೆ ತಿಳಿಯದಂತೆ ರಿಕ್-ಟಿಕ್ ಎಂಬ ಎದುರಾಳಿ ಸಂಸ್ಥೆಗೂ ನುಡಿಸಿ ದಂಡಕ್ಕೆ ಗುರಿಯಾದರು. ಇಂಥ ಸಂಗತಿಗಳನ್ನು ಹೆಕ್ಕಿ ತೆಗೆದದ್ದರಲ್ಲಿ ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆಯಿಲ್ಲದ ಪಾಲು ಈ ಸಂಗ್ರಾಹಕರದ್ದು.

ದುರಾಸೆಯಿಂದ ಹುಟ್ಟಿದ ಗೀಳು ವಿದ್ವತ್ತಾಯಿತು, ವಿದ್ವತ್ತಿಗೆ ನಿಧಾನವಾಗಿ ಋಣಪ್ರಜ್ಞೆಯೂ ಕೂಡಿಕೊಂಡಿತು. ಲಂಡನ್ನಿನ ಏಸ್ ಸಂಸ್ಥೆ 1982ರಲ್ಲಿ ಕೆಂಟ್ ಎಂಬ ಉಪಸಂಸ್ಥೆ ಆರಂಭಿಸಿ, ಹಕ್ಕುದಾರರಿಂದ ಕ್ರಮವಾಗಿ ಪರವಾನಗಿ ಪಡೆದು ಈ ಹಾಡುಗಳನ್ನು ಮರುಮುದ್ರಿಸಿತು. ಅದರ ಏಡಿ ಕ್ರಾಸ್‌ಡೆಲ್ ಅಮೆರಿಕದ ಸಂಸ್ಥೆಗಳ ಉಗ್ರಾಣ ಹೊಕ್ಕು, ಬಿಡುಗಡೆಯೇ ಆಗದೆ ಉಳಿದಿದ್ದ ಟೇಪುಗಳನ್ನೂ ಹೊರತೆಗೆದ. ಬೆಟ್ಟಿ ಲವೆಟ್ ಎಂಬ ಡೆಟ್ರಾಯ್ಟಿನ ಗಾಯಕಿ 1972ರಲ್ಲಿ ಹಾಡಿದ್ದ ಇಡೀ ಆಲ್ಬಮ್ಮನ್ನು ಸಂಸ್ಥೆ ಮೂಲೆಗೆ ಹಾಕಿತ್ತು. ಅದನ್ನು 2000ದಲ್ಲಿ ಹೊರತಂದವನು ಒಬ್ಬ ಫ್ರೆಂಚ್ ಸಂಗ್ರಾಹಕ. ಅಲ್ಲಿಂದ ಆಕೆಯ ಎರಡನೆಯ ಬಾಳು ಶುರುವಾಗಿ, ಐವತ್ತು ದಾಟಿದ ಮೇಲೆ ಲೋಕವಿಖ್ಯಾತಳಾದಳು. ಹಾಗೆಂದು ಇವರ ವ್ಯಾಪಾರಬುದ್ಧಿಗೆ ನಾನು ಕ್ಷಮಾಪತ್ರ ಕೊಡುತ್ತಿಲ್ಲ. ಬದುಕಿದ್ದವರಲ್ಲಿ ಕೆಲವರಿಗಷ್ಟೇ ಈ ಭಾಗ್ಯ ಸಿಕ್ಕಿತು. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳಂತೂ ಹಾಡು ಬರೆದವರಿಗೆ ಸಂಭಾವನೆ ಕೊಡುತ್ತವೆಯೇ ಹೊರತು ಹಾಡಿದವರಿಗೆ ಇಂದಿಗೂ ಕೊಡುವುದಿಲ್ಲ.

ಇನ್ನು ನಮ್ಮ ಕಡೆ. ನಾವು ಹಾಡನ್ನು ಪ್ರೀತಿಸುವುದು ಬಾಯಿಯಿಂದ. ಧಾರವಾಡದ ನಮ್ಮ ಮನೆಯಲ್ಲಿ ಅಜ್ಜ ಹಾಕುತ್ತಿದ್ದ ಪ್ಲೇಟುಗಳ ಹಾಡೆಲ್ಲ ನಮ್ಮವ್ವನಿಗೆ ಇಂದಿಗೂ ಒಂದು ಸೊಲ್ಲು ತಪ್ಪದೆ ಬರುತ್ತವೆ. ಪ್ಲೇಟುಗಳು ಮಾತ್ರ ಅಟ್ಟದಿಂದ ಇಳಿದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಇಲ್ಲಿನ ಸಂಗ್ರಾಹಕರಲ್ಲಿ ತನ್ನ ನೆಚ್ಚಿನ ಹಾಡನ್ನು ನಾಲ್ಕು ಜನರ ಮುಂದೆ ಹಾಡಬಲ್ಲವರು ನನಗೆ ಸಿಕ್ಕಿಲ್ಲ. ಆ ಮಟ್ಟಿಗೆ ನಮ್ಮ ದಾರಿ ದೊಡ್ಡದು, ಯಾರೂ ಕೊಳ್ಳಬೇಕಾಗಿಲ್ಲದ ದಾರಿ. ಆದರೆ ಅದರಲ್ಲಿ ಉಳಿಯುವುದು ಹಾಡು, ಕಳೆದುಹೋಗುವುದು ದನಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡಿಗರು ಸೇರಿದಾಗ ಭಾವಗೀತೆಗೆ ಮುನ್ನ ಕವಿಯ ಹೆಸರನ್ನು ಭಕ್ತಿಯಿಂದ ಹೇಳುತ್ತೇವೆ, ರಾಗ ಹಾಕಿದವರನ್ನು ಒಮ್ಮೊಮ್ಮೆ ನೆನೆಯುತ್ತೇವೆ. ಅದನ್ನು ಮೊದಲು ತಟ್ಟೆಗೆ ಹಾಡಿದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಪಿ. ಕಾಳಿಂಗರಾಯರ ಹೆಸರು ಉಳಿದಿದೆ, ಸಂತೋಷ. ಆದರೆ ಅವರ ಅಷ್ಟೊಂದು ಹಾಡುಗಳಲ್ಲಿ ದನಿಗೂಡಿಸಿದ ಮೋಹನಕುಮಾರಿ, ಸೋಹನಕುಮಾರಿಯರನ್ನು ನಾವು ಕೇಳಿಯೂ ಕೇಳದವರಂತೆ ದಾಟಿಬಿಡುತ್ತೇವೆ. ಆ ಹಾಡುಗಳ ಹಿಂದಿನ ಪಿಟೀಲು, ತಬಲದವರ ಗತಿಯಂತೂ ಫಂಕ್ ಬ್ರದರ್ಸ್ ತಂಡಕ್ಕಿಂತ ಕಡೆ. ಅವರಿಗಾಗಿ ಗೋದಾಮು ಜಾಲಾಡಿದವರು ಬೆರಳೆಣಿಕೆಯಷ್ಟು.

ನಮ್ಮಲ್ಲಿ ಸಂಗ್ರಾಹಕರೇ ಇಲ್ಲವೆಂದಲ್ಲ. ಮುಂಬಯಿಯಲ್ಲಿ 1990ರಿಂದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವಿದೆ, ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ದೂಳು ಕೊಡವಿ ತಟ್ಟೆ ಆರಿಸುವವರೂ ಇದ್ದಾರೆ. ಅವರನ್ನು ನಾವು ಹುಚ್ಚರೆಂದು ನಕ್ಕು ಬಿಡುತ್ತೇವೆ. ಇಲ್ಲಿಯವರು ಅಂಥವರಿಂದ ಕೊಳ್ಳುತ್ತಾರೆ, ಅವರೊಡನೆ ಜಗಳವಾಡುತ್ತಾರೆ, ಅವರ ಪಟ್ಟಿಯನ್ನು ತಿದ್ದುತ್ತಾರೆ. ಬೆಲೆ ಕಟ್ಟಿದ್ದನ್ನು ಯಾರೂ ಗುಜರಿಗೆ ಹಾಕುವುದಿಲ್ಲ ಎಂಬ ಒರಟು ಸತ್ಯವನ್ನು ನಾನು ಇಷ್ಟವಿಲ್ಲದೆಯೇ ಒಪ್ಪಿಕೊಂಡಿದ್ದೇನೆ.

ಕಾನೂನಿನ ತೊಡಕೂ ನಾವು ಅಂದುಕೊಂಡಷ್ಟಿಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಹೀಗಾಗಿ ನಲವತ್ತು, ಐವತ್ತರ ದಶಕದ ಅರಗಿನ ತಟ್ಟೆಗಳ ಧ್ವನಿಗೆ ಇಂದು ಒಡೆಯರಿಲ್ಲ. ಹಾಡಿನ ಸಾಹಿತ್ಯಕ್ಕೆ ಕವಿ ತೀರಿಕೊಂಡು 60 ವರ್ಷ ತುಂಬಬೇಕು, ಆದರೆ ದಾಸರ ಪದ, ಜನಪದ ಗೀತೆಗಳಿಗೆ ಆ ಅಡ್ಡಿಯೂ ಇಲ್ಲ. ಅಂತರ್ಜಾಲದಲ್ಲಿ ಈಗಲೇ ಇಂಥವು ಸಾಕಷ್ಟು ಸಿಗುತ್ತವೆ. ಆದರೆ ಹೆಚ್ಚಿನವುಗಳಿಗೆ 'ಹಳೆಯ ಕನ್ನಡ ಹಾಡು' ಎಂದಷ್ಟೇ ತಲೆಬರಹ, ಜೊತೆಗೊಂದು ಹೂವಿನ ಚಿತ್ರ. ಬಿಳಿ ಚೀಟಿಗೂ ಆ ಹೂವಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ, ಚೀಟಿ ಅಂಟಿಸಿದವನಿಗೆ ಕನಿಷ್ಠ ಕೆಳಗೇನಿದೆ ಎಂದು ಗೊತ್ತಿತ್ತು ಎಂಬುದನ್ನು ಬಿಟ್ಟರೆ. ಊರಿನ ಮನೆಗಳಲ್ಲಿ ಇನ್ನೂ ಪ್ಲೇಟು ಉಳಿದಿದ್ದರೆ, ಮಾರುವುದಾದರೂ ಕೊಡುವುದಾದರೂ ಅದಕ್ಕೆ ಮುನ್ನ ಎರಡೂ ಬದಿಯ ಲೇಬಲ್ಲಿನ ಫೋಟೊ ತೆಗೆಯಬಹುದು. ಸಂಸ್ಥೆಯ ಹೆಸರು, ತಟ್ಟೆಯ ಸಂಖ್ಯೆ, ಹಾಡಿದವರ ಹೆಸರುಗಳು ಅದರಲ್ಲಿ ಓದಲು ಬರುವಂತಿರಬೇಕು; ಲೇಬಲ್ಲಿನ ಅಂಚಿನಲ್ಲಿ ಗೀಚಿದ ಅಂಕಿಗಳಿದ್ದರೆ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ಅವನ್ನೂ ಬರೆದಿಟ್ಟುಕೊಳ್ಳಬೇಕು.