ಚೀಫ್‌ಗೆ ರಾತ್ರಿ ಫೋನ್ ಮಾಡೋಕೆ ಹೆದರುವಂತಾಗಬಾರದು

ಮೆಡಿಕಲ್ ಕಾಲೇಜಿನಲ್ಲಿ ಯೂನಿಟ್ ಚೀಫ್, ಅಂದರೆ ಡಾಕ್ಟರ್‌ಗಳ ಒಂದು ತಂಡದ ಮುಖ್ಯಸ್ಥರು, ಆಗುವವರಿಗೆ ತಮ್ಮ ಸಿಟ್ಟನ್ನು ತಡೆದುಕೊಳ್ಳೋಕೆ ಬರಬೇಕು. ಎದುರಿಗೆ ನಿಂತ ಪಿಜಿಯ (ಎಂಬಿಬಿಎಸ್ ಮುಗಿಸಿ, ಸ್ನಾತಕೋತ್ತರ ಓದುತ್ತಾ ಕೆಲಸ ಮಾಡುವ ಡಾಕ್ಟರ್) ಮುಖ ನೋಡಿದರೆ ಹೆದರಿದ್ದಾರಾ, ನಿದ್ದೆಗೆಟ್ಟಿದ್ದಾರಾ ಅಂತ ಗೊತ್ತಾಗಬೇಕು. ಅದು ಅವರವರ ಸ್ವಭಾವ ಬಿಡಿ ಅಂತ ನಾವು ಸುಮ್ನೆ ಆಗಿಬಿಡುತ್ತೇವೆ. ಆದರೆ ಇದರಿಂದ ರೋಗಿಗಳ ಜೀವ ಹೋಗುತ್ತದೆ, ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರದಲ್ಲಿ ಅನಸ್ತೇಶಿಯಾ ಡಾಕ್ಟರ್. ನಮ್ಮನ್ನು ಎಲ್ಲ ಯೂನಿಟ್‌ನವರೂ ಕರೆಯುತ್ತಾರೆ. ಹಾಗಾಗಿ ಯಾವ ಚೀಫ್ ಮುಂದೆ ಪಿಜಿಗಳು ಬಾಯಿಬಿಟ್ಟು ಮಾತಾಡುತ್ತಾರೆ, ಯಾರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರೆ ಅನ್ನೋದು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ನಮ್ಮದು ಟೊಮ್ಯಾಟೊ ಬೆಳೆಯುವ ಸೀಮೆ. ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿ ಬರುವ ಕೇಸ್‌ಗಳು ಇಲ್ಲಿ ಹೊಸದಲ್ಲ. ಅದರಲ್ಲಿ ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ವಿಷ ಇದೆ. ಮೊದಲ ದಿನ ಅದಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟ ಮೇಲೆ ರೋಗಿ ಸುಧಾರಿಸಿಕೊಂಡಂತೆ ಕಾಣುತ್ತಾರೆ, ಮನೆಯವರೂ ನೆಮ್ಮದಿಯ ಉಸಿರುಬಿಡುತ್ತಾರೆ. ಆಮೇಲೆ 24ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಕತ್ತಿನ ಶಕ್ತಿ ಹೋಗುತ್ತದೆ. ದಿಂಬಿನಿಂದ ತಲೆ ಎತ್ತೋಕೆ ಆಗಲ್ಲ. ಅದರ ಹಿಂದೆಯೇ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ಆ ಹೊತ್ತಿಗೆ ಸರಿಯಾಗಿ ಉಸಿರಿನ ನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಿದರೆ ಬದುಕಿಸಬಹುದು. ತಲೆ ಎತ್ತೋಕೆ ಆಗ್ತಿಲ್ಲ ಅನ್ನೋದನ್ನು ಮೊದಲು ನೋಡುವವರು ಚೀಫ್ ಅಲ್ಲ. ರಾತ್ರಿ ಡ್ಯೂಟಿಯ ಪಿಜಿ, ಇಲ್ಲವೇ ಸಿಸ್ಟರ್.

ಒಮ್ಮೆ ಐಸಿಯುನಲ್ಲಿ ನಾನು ಪಕ್ಕದ ಬೆಡ್ ಹತ್ತಿರ ಇದ್ದೆ. ಮೊದಲ ವರ್ಷದ ಪಿಜಿ ಹುಡುಗಿ ಚೀಫ್‌ಗೆ ಫೋನ್ ಮಾಡಿದಳು. ಸ್ಪೀಕರ್ ಆನ್ ಇತ್ತು. ‘ಸರ್, ಪೇಶೆಂಟ್ ತಲೆ ಎತ್ತುತ್ತಿಲ್ಲ, ನನಗೆ ಅನುಮಾನ’ ಅಂದಳು. ಆ ಕಡೆಯಿಂದ, ‘ಒಳ್ಳೇ ಕೆಲಸ ಮಾಡಿದೆ ಕಣಮ್ಮ. ಉಸಿರು ಹೇಗಿದೆ ಹೇಳು. ಅನಸ್ತೇಶಿಯಾದವರು ಅಲ್ಲಿದ್ದಾರಾ? ನಾನೂ ಹೊರಟೆ.’ ಅಷ್ಟೇ ಮಾತು. ಹುಡುಗಿಯ ಕೈ ನಡುಗುತ್ತಿತ್ತು, ಆದರೆ ಒಂದು ಕೆಲಸವೂ ತಪ್ಪಲಿಲ್ಲ.

ಹಿಂದೆ ನಾನಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥದ್ದೇ ರೋಗಿ. ಅಲ್ಲಿನ ಪಿಜಿಯೂ ಅದನ್ನು ಕಂಡಿದ್ದ, ಕೇಸ್‌ಶೀಟ್‌ನಲ್ಲಿ ಬರೆದೂ ಇದ್ದ. ಫೋನ್ ಮಾತ್ರ ಮಾಡಿರಲಿಲ್ಲ. ‘ಬೆಳಗ್ಗೆ ರೌಂಡ್ಸ್‌ಗೆ ಬರ್ತಾರಲ್ಲ ಮೇಡಂ, ಈಗ ಎಬ್ಬಿಸಿದ್ರೆ ಎಲ್ಲರೆದುರು ಮಾನ ಕಳೀತಾರೆ’ ಅಂದ. ನನ್ನನ್ನು ಕರೆಯುವಷ್ಟರಲ್ಲಿ ರೋಗಿಯ ತುಟಿ ನೀಲಿಯಾಗಿತ್ತು. ಹುಡುಗ ದಡ್ಡನಲ್ಲ, ಓದಿಕೊಂಡವನೇ. ಅವನ ಓದು ಆ ರೋಗಿಗೆ ಸಿಗದ ಹಾಗೆ ಮಾಡಿದ್ದು ಚೀಫ್ ಬಾಯಿ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೇ ಹೊಂದಾಣಿಕೆ ಇದ್ದ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಬಂತು. ಕಾರಣ ಹುಡುಕಿದರೆ, ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಉಳಿದ ಕಡೆ ತಪ್ಪು ಆಗುತ್ತಿರಲಿಲ್ಲ ಅಂತಲ್ಲ, ಹೊರಗೆ ಬರುತ್ತಿರಲಿಲ್ಲ.

‘ನಾವೂ ಬೈಸಿಕೊಂಡೇ ಕಲಿತವರು’ ಅಂತ ಹಿರಿಯರು ಹೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಎಲ್ಲ ಕಡೆಯಿಂದ ಬರುವ ಜನರನ್ನು ಓಪಿಡಿಯಲ್ಲಿ ನೋಡಿ, ಪಾಠ ಮಾಡಿ, ಆಪರೇಷನ್ ಮುಗಿಸುವಷ್ಟರಲ್ಲಿ ಯಾರಿಗಾದರೂ ತಲೆ ಕೆಡುತ್ತದೆ. ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಡೋಸ್ ತಪ್ಪಾದರೆ ಕಟ್ಟುನಿಟ್ಟಾಗಿ ಹೇಳಲೇಬೇಕು. ಆದರೆ ರೋಗಿಯ ಮಂಚದ ಪಕ್ಕದಲ್ಲಿ ‘ನಿನಗ್ಯಾರು ಸೀಟ್ ಕೊಟ್ಟರು’ ಅಂದರೆ? ನಮ್ಮಲ್ಲಿ ಎಷ್ಟೋ ಪಿಜಿಗಳು ಹೊರರಾಜ್ಯದವರು. ರೋಗಿಯ ಮನೆಯವರ ತೆಲುಗೂ ಗೊತ್ತಿಲ್ಲ, ಕನ್ನಡವೂ ಅರೆಬರೆ. ಸಿಸ್ಟರ್ ಸಹಾಯದಿಂದ ಹೇಗೋ ನಂಬಿಕೆ ಗಳಿಸಿರುತ್ತಾರೆ. ಆ ಒಂದು ಮಾತಿಗೆ ಅದು ಹೋಯ್ತು. ನಾಳೆ ರೋಗಿಯ ಕಡೆಯವರೂ ಅದೇ ಧಾಟಿಯಲ್ಲಿ ಕೂಗುತ್ತಾರೆ.

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಕೊಟ್ಟ ವರದಿ ಇದೆ. ಸಮೀಕ್ಷೆಗೆ ಉತ್ತರಿಸಿದ ಪಿಜಿಗಳಲ್ಲಿ ಶೇ. 31 ಮಂದಿ ಸಾಯುವ ಯೋಚನೆ ಬಂದಿತ್ತು ಅಂದಿದ್ದಾರೆ. ವಾರಕ್ಕೆ 74 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಅಂತಲೂ ಆ ವರದಿ ಹೇಳಿದೆ. ಗಂಟೆ ಕಡಿಮೆ ಮಾಡೋದು ಚೀಫ್ ಒಬ್ಬರ ಕೈಯಲ್ಲಿಲ್ಲ. ಮಾತು ಅವರ ಕೈಯಲ್ಲೇ ಇದೆ ಅಲ್ವಾ?

ಎಂಬಿಬಿಎಸ್ ಮಕ್ಕಳಿಗೆ 2019ರಿಂದ ನಡವಳಿಕೆ, ನೀತಿ, ಸಂವಹನದ ಪಾಠ ಕಡ್ಡಾಯ. ‘ಏಟ್‌ಕಾಮ್’ ಅಂತೀವಿ. ಕಲಿಸುವವರ ಪ್ರಮೋಷನ್‌ಗೆ ಮಾತ್ರ ಸರ್ವೀಸ್ ಎಷ್ಟು, ಪೇಪರ್ ಎಷ್ಟು, ಬೋಧನೆ ಮತ್ತು ಸಂಶೋಧನೆಯ ಕೋರ್ಸ್ ಮುಗಿಸಿದ್ದಾರಾ ಅಂತ ನೋಡುತ್ತೇವೆ. ಆ ಫೈಲ್‌ಗೆ ಇನ್ನೊಂದು ಹಾಳೆ ಸೇರಿಸಿ. ‘ರಾತ್ರಿ ಅನುಮಾನ ಬಂದರೆ ಇವರಿಗೆ ಫೋನ್ ಮಾಡ್ತೀರಾ?’ ಅಂತ ಕೇಳಿ, ಯೂನಿಟ್‌ನವರು ಹೆಸರು ಹಾಕದೆ ಉತ್ತರ ಬರೆಯಲಿ. ಪಿಜಿ, ಇಂಟರ್ನ್‌ಗಳ ಜೊತೆಗೆ ಸಿಸ್ಟರ್‌ಗಳನ್ನೂ ಕೇಳಿ. ಪಿಜಿಗಳು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ. ಸಿಸ್ಟರ್‌ಗಳು ಒಬ್ಬರಾದ ಮೇಲೆ ಒಬ್ಬರಂತೆ ಎಲ್ಲ ಚೀಫ್‌ಗಳನ್ನೂ ನೋಡಿರುತ್ತಾರೆ.