ಅರ್ಧ ತಿರುಪು

ಮುಚ್ಚಳ ಇಡುವುದು ಬೇರೆ, ಮುಚ್ಚಳ ಮುಚ್ಚುವುದು ಬೇರೆ ಅಂತ ನಮ್ಮ ಯಜಮಾನರಿಗೆ ಯಾರಾದರೂ ಹೇಳಿ. ನಾನಂತೂ ಹೇಳಿ ಹೇಳಿ ಸೋತೆ. ಇವರು ಬಾಟಲಿಯ ಮೇಲೆ ಮುಚ್ಚಳವನ್ನು ಮೈಸೂರು ಪೇಟ ತೊಡಿಸಿದ ಹಾಗೆ ಮೆಲ್ಲಗೆ ಇಡುತ್ತಾರೆ. ತಿರುಗಿಸಿದರೂ ಅರ್ಧ ಸುತ್ತು. ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಎಲ್ಲಕ್ಕೂ ಇದೇ ಮರ್ಯಾದೆ.

ಇವತ್ತು ಬೆಳಿಗ್ಗೆ ಸಾಸಿವೆಯ ಸರದಿ. ಒಗ್ಗರಣೆಗೆ ಎಣ್ಣೆ ಕಾದಿತ್ತು. ಬಾಟಲಿಯನ್ನು ಮುಚ್ಚಳ ಹಿಡಿದು ಎತ್ತಿದೆ. ಮುಚ್ಚಳ ಕೈಯಲ್ಲೇ ಉಳಿಯಿತು. ದೇವರಾಜ ಮಾರುಕಟ್ಟೆಯಿಂದ ನಿನ್ನೆ ತಾನೇ ತಂದು ತುಂಬಿಸಿದ್ದ ಸಾಸಿವೆ! ಬೇರೆ ಕಾಳು ಚೆಲ್ಲುತ್ತದೆ, ಸಾಸಿವೆ ಓಡುತ್ತದೆ. ಸಿಲಿಂಡರ್ ಹಿಂದೆ, ಮ್ಯಾಟ್ ಕೆಳಗೆ, ನನ್ನ ಚಪ್ಪಲಿಯೊಳಗೆ. ಜಾಸ್ತಿ ಪಾಲು ಫ್ರಿಡ್ಜ್ ಕೆಳಗೆ.

ಸದ್ದು ಕೇಳಿ ಇವರು ಪೇಪರ್ ಹಿಡಿದುಕೊಂಡೇ ಬಂದರು. ನೋಡಿದರು. ನಕ್ಕರು. "ಸಾಸಿವೆ ಕಾಳಿನಷ್ಟು ವಿಶ್ವಾಸ ಇದ್ರೆ ಬೆಟ್ಟಾನೂ ಜರುಗುತ್ತೆ ಅಂತ ಯೇಸುಸ್ವಾಮಿ ಹೇಳಿಲ್ವಾ?"

"ರೀ, ಚಾಮುಂಡಿ ಬೆಟ್ಟ ಇರೋ ಕಡೆ ಇರಲಿ. ಮೊದಲು ಈ ಫ್ರಿಡ್ಜ್ ಜರುಗಿಸಿ."

ಜರುಗಲಿಲ್ಲ. ಇವರಿಗೆ ಸೊಂಟನೋವು.

ಹಾಗಂತ ಇವರು ಯಾವುದಕ್ಕೂ ಗಮನ ಕೊಡದವರಲ್ಲ. ನನ್ನ ಸಂಕಟ ಇರುವುದೇ ಅಲ್ಲಿ. ನೆಂಟರು ಬಂದರೆ ಸಂತ ಫಿಲೋಮಿನಾ ಚರ್ಚ್ ಮುಂದೆ ನಿಲ್ಲಿಸಿ, 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು, ಗೋಪುರ 175 ಅಡಿ ಇರುವುದು, ಜರ್ಮನಿಯ ಕಲೋನ್ ಚರ್ಚಿನ ಮಾದರಿ, ಎಲ್ಲ ಬಿಸಿಲಲ್ಲೇ ಒಪ್ಪಿಸುತ್ತಾರೆ. ಗಂಟಲು ಒಣಗಿ ನೀರು ಕುಡಿದು ಬಾಟಲಿಯನ್ನು ನನ್ನ ಬ್ಯಾಗಿಗೆ ಹಾಕುತ್ತಾರೆ. ಮುಚ್ಚಳ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾ? ನನ್ನ ಪ್ರಾರ್ಥನಾ ಪುಸ್ತಕ ಉಬ್ಬಿ ಎರಡು ಪಟ್ಟು ದಪ್ಪ ಆಗಿದೆ.

ಪೂಜೆಯಲ್ಲಿ ಲೂಕನ ಶುಭಸಂದೇಶ ಓದುವಾಗ, ಸಣ್ಣದರಲ್ಲಿ ಪ್ರಾಮಾಣಿಕನಾದವನು ದೊಡ್ಡದರಲ್ಲೂ ಪ್ರಾಮಾಣಿಕ ಅನ್ನುವ ಮಾತು ಬಂದರೆ ನಾನು ಪಕ್ಕಕ್ಕೆ ತಿರುಗುತ್ತೇನೆ. ಇವರು ಫ್ಯಾನ್ ನೋಡುತ್ತಿರುತ್ತಾರೆ. ಮನೆಗೆ ಬರುವಷ್ಟರಲ್ಲಿ ಉತ್ತರ ರೆಡಿ. "ಪುದೀನ, ಜೀರಿಗೆಗೆಲ್ಲ ಲೆಕ್ಕ ಇಟ್ಟು ನ್ಯಾಯ, ಕರುಣೆ ಮರೆತವರನ್ನ ಯೇಸುಸ್ವಾಮಿ ಬೈದಿದ್ದಾರೆ. ಮತ್ತಾಯ 23 ನೋಡು." ಬೈದಿದ್ದು ನಿಜ. ಆದರೆ ಅದನ್ನೂ ಮಾಡಬೇಕಿತ್ತು, ಇದನ್ನೂ ಬಿಡಬಾರದಿತ್ತು ಅಂತ ಅದೇ ವಾಕ್ಯದ ಬಾಲದಲ್ಲಿದೆ. ಬಾಲದವರೆಗೆ ಇವರು ಹೋಗುವುದಿಲ್ಲ. ಬೈಬಲಿಗೂ ಅರ್ಧ ತಿರುಪೇ.

ಮೊಬೈಲ್ ಟಾರ್ಚ್ ಹಾಕಿ ಫ್ರಿಡ್ಜ್ ಕೆಳಗೆ ಬಗ್ಗಿದಾಗ, ಹತ್ತು ನಾಣ್ಯದಲ್ಲಿ ಒಂದು ಕಳೆದು ದೀಪ ಹಚ್ಚಿ ಮನೆ ಗುಡಿಸಿದ ಆ ಹೆಂಗಸಿನ ನೆನಪಾಯಿತು. ಅವಳ ಗಂಡ ಆಗ ಏನು ಮಾಡುತ್ತಿದ್ದನೋ, ಲೂಕ ಬರೆದಿಲ್ಲ. ಅವಳಿಗೆ ನಾಣ್ಯ ಸಿಕ್ಕಿತು. ನನಗೆ ಯಾವುದೋ ಕಾಲದ ಟೂತ್‌ಪೇಸ್ಟ್ ಮುಚ್ಚಳ ಸಿಕ್ಕಿತು.

ನಮ್ಮ ಅತ್ತೆ ಇದ್ದಾಗ ಈ ರಗಳೆ ಇರಲಿಲ್ಲ. ಮಗನಿಗೆ ಬುದ್ಧಿ ಹೇಳಿದ್ದರು ಅಂತಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಒಂದೊಂದೇ ಮುಚ್ಚಳ ಬಿಗಿ ಮಾಡುತ್ತಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಅವರು ತೀರಿಕೊಂಡ ವಾರವೇ ಉಪ್ಪಿನಕಾಯಿ ಭರಣಿ ನನ್ನ ಕೈಯಿಂದ ಜಾರಿತು. ನಾದಿನಿ ಆಗ ಹೇಳಿದಳು. ಎಣ್ಣೆ ಒರೆಸುತ್ತಾ ಇಬ್ಬರೂ ಅತ್ತೆವು.

ಸಂಜೆ ಇವರು ಹೊಸ ಡಬ್ಬ ತಂದರು. "ತಿರುಗಿಸೋ ಕೆಲಸಾನೇ ಇಲ್ಲ. ಸುಮ್ನೆ ಒತ್ತಿದ್ರೆ ಟಕ್ ಅಂತ ಕೂತ್ಕೊಳ್ಳುತ್ತೆ" ಅಂದರು. ತಾವೇ ಕಡಲೆಬೇಳೆ ತುಂಬಿಸಿದರು. ಮುಚ್ಚಳವನ್ನು ಮೇಲಿಟ್ಟು ಟಿವಿ ನೋಡಲು ಹೋದರು.