ಲಗ್ನಪತ್ರಿಕೆಯ ಠ

ನನ್ನ ತಂಗಿಯ ಲಗ್ನಪತ್ರಿಕೆಯನ್ನು ಒಬ್ಬ ಜರ್ಮನ್ ಹೆಂಗಸು ನನ್ನ ಕಣ್ಣೆದುರೇ ಹರಿದರು. ತಪ್ಪು ನನ್ನದೇ. "ತಗೊಳ್ಳಲಾ?" ಎಂದು ಕೇಳಿದ್ದರು. ನೋಡೋಕೆ ಕೇಳ್ತಿದ್ದಾರೆ ಅಂದುಕೊಂಡು ತಲೆಯಾಡಿಸಿದ್ದೆ.

ನಾನಿರುವುದು ಹ್ಯಾನೋವರ್‌ನಲ್ಲಿ, ಏಳು ವರ್ಷದಿಂದ. ಗುರುವಾರ ಸಂಜೆ ಇಲ್ಲೊಂದು ಕೊಲಾಜ್, ಅಂದರೆ ಕಾಗದದ ಚೂರು ಅಂಟಿಸಿ ಚಿತ್ರ ಮಾಡುವ ತರಗತಿಗೆ ಹೋಗುತ್ತೇನೆ. ತರಗತಿ ಅನ್ನುವುದು ದೊಡ್ಡ ಮಾತು. ಹತ್ತು ಜನ, ಎರಡು ಉದ್ದನೆಯ ಮೇಜು, ಒಂದು ಬಕೆಟ್ ಅಂಟು. ನಿಯಮ ಎರಡೇ. ದುಡ್ಡು ಕೊಟ್ಟು ತಂದ ಕಾಗದ ಬೇಡ, ಊರಲ್ಲಿ ಬಿದ್ದಿದ್ದು, ಬಿಸಾಕಿದ್ದು ಮಾತ್ರ. ಅದರಿಂದ ಮರ, ಮನೆ, ಮುಖ ಅಂತ ಏನನ್ನೂ ಮಾಡುವಂತಿಲ್ಲ. ಬಣ್ಣ, ಆಕಾರ, ಅಂಚು, ಖಾಲಿ ಜಾಗ, ಅಷ್ಟೇ. ಅಬ್‌ಸ್ಟ್ರಾಕ್ಟ್ ಅನ್ನುತ್ತಾರೆ ಅದಕ್ಕೆ.

ಚೂರುಗಳು ಮುದುಡದಿರಲಿ ಎಂದು ಚೀಲದಲ್ಲಿ ಒಂದು ಗಟ್ಟಿ ಹಾಳೆ ಇಟ್ಟುಕೊಂಡಿರುತ್ತೇನೆ. ಆ ಗಟ್ಟಿ ಹಾಳೆಯೇ ಲಗ್ನಪತ್ರಿಕೆ. ಚಿಕ್ಕಪ್ಪನ ಮಗಳದ್ದು. ಮೂಲೆಯಲ್ಲಿ ಅರಿಶಿನ ಇನ್ನೂ ಇತ್ತು. ರಜೆ ಸಿಗದೆ ಮದುವೆಗೆ ಹೋಗಿರಲಿಲ್ಲ. ಪಕ್ಕದಲ್ಲಿ ಕೂರುವ ಆ ಹೆಂಗಸಿಗೆ ಎಪ್ಪತ್ತು ದಾಟಿದೆ, ಬಹಳ ಒಳ್ಳೆಯವರು. ಕಾರ್ಡನ್ನು ಹಾಗೆ ಹಿಡಿದರು, ಹೀಗೆ ಹಿಡಿದರು, ಕೊನೆಗೆ ತಲೆಕೆಳಗು ಮಾಡಿಕೊಂಡರು. "ಚಿ|| ಸೌ||" ಎಂಬಲ್ಲಿನ ಎರಡೆರಡು ಕಡ್ಡಿ ಅವರಿಗೆ ಬಹಳ ಹಿಡಿಸಿತು. ಆಮೇಲೆ ಸ್ಥಳದ ಸಾಲಿನಲ್ಲಿದ್ದ ಮಠದ ಠ ಕಣ್ಣಿಗೆ ಬಿತ್ತು. "ಅಯ್ಯೋ, ಎಂಥ ಚೆಂದದ ಕಣ್ಣು!" ಎಂದವರೇ ಪರ್ರನೆ ಹರಿದು, ನೀಲಿ ಕಾಗದದ ನಡುವೆ ಅಂಟಿಸಿಬಿಟ್ಟರು. ಅದೂ ತಲೆಕೆಳಗಾಗಿ.

ಠ ಕಣ್ಣು ಅನ್ನಿಸಿದ್ದು ಅವರೊಬ್ಬರಿಗೇ ಅಲ್ಲ ಬಿಡಿ. ಕನ್ನಡವೆಂದರೆ ಏನೆಂದೇ ಗೊತ್ತಿಲ್ಲದವರು ಜಗತ್ತಿನ ತುಂಬ ಎರಡು ಠ ಇಟ್ಟು, ನಡುವೆ ಒಂದು ಗೆರೆ ಎಳೆದು, ಮುಖ ಸಿಂಡರಿಸುತ್ತಾರೆ, ಅಲ್ವಾ? ಠ_ಠ. ಅದನ್ನು ನೋಡಿ ನಾನೂ ನಕ್ಕವನೇ. ಅವತ್ತು ಮಾತ್ರ ನಗು ಬರಲಿಲ್ಲ.

ಮನೆಗೆ ಬರುವಾಗ ಟ್ರಾಮಿನಲ್ಲಿ ಒಂದೇ ಯೋಚನೆ. ಹರಿದದ್ದಕ್ಕೆ ಇಷ್ಟು ಸಂಕಟವಾಯಿತಾ? ಅಲ್ಲ, ಹರಿಯುವುದನ್ನು ನಾನೂ ಮಾಡುತ್ತೇನೆ. ಓದದೆ ಹರಿದರಲ್ಲ, ಅದು ಚುಚ್ಚಿತ್ತು.

ಈ ಊರಿನಲ್ಲಿ ರದ್ದಿ ಕಾಗದಕ್ಕೆ ಒಂದು ಮರ್ಯಾದೆ ಇದೆ, ಅದಕ್ಕೆ ಕಾರಣ ಕುರ್ಟ್ ಶ್ವಿಟರ್ಸ್. 1887ರಲ್ಲಿ ಇಲ್ಲೇ ಹುಟ್ಟಿದವನು. ಮೊದಲ ಮಹಾಯುದ್ಧ ಮುಗಿದು ಎಲ್ಲ ಒಡೆದು ಬಿದ್ದಿದ್ದಾಗ ಬೀದಿಯಲ್ಲಿ ಸಿಕ್ಕ ಟಿಕೆಟ್, ರ್‍ಯಾಪರ್, ಪತ್ರಿಕೆ ಚೂರು, ದಾರ, ಮೊಳೆ ಎಲ್ಲ ಸೇರಿಸಿ ಚಿತ್ರ ಮಾಡಿದ. 1919ರ ಒಂದು ಚಿತ್ರಕ್ಕೆ ಬ್ಯಾಂಕಿನ ಜಾಹೀರಾತೊಂದನ್ನು ಕತ್ತರಿಸಿ ಅಂಟಿಸಿದ್ದ. ಅದರಲ್ಲಿದ್ದ ಪದ ಕೊಮೆರ್ಟ್ಸ್, ಅಂದರೆ ವ್ಯಾಪಾರ. ಕತ್ತರಿ ಆಡಿ ಉಳಿದದ್ದು ಮೆರ್ಟ್ಸ್. ಅದಕ್ಕೆ ಅರ್ಥವೇ ಇಲ್ಲ. ನಮ್ಮ ವ್ಯಾಪಾರದಲ್ಲಿ 'ಪಾರ' ಮಾತ್ರ ಉಳಿಸಿಕೊಂಡ ಹಾಗೆ. ಮುಂದೆ ತಾನು ಮಾಡಿದ್ದಕ್ಕೆಲ್ಲ ಆ ಹೆಸರನ್ನೇ ಇಟ್ಟ. ಮನೆಯೊಳಗೇ ಸೂರಿನ ತನಕ ಕಟ್ಟುತ್ತಾ ಹೋದ ವಿಚಿತ್ರ ಗುಹೆಯಂಥದ್ದಕ್ಕೂ ಮೆರ್ಟ್ಸ್‌ಬೌ ಎಂದ. ಅದು 1943ರ ಬಾಂಬ್ ದಾಳಿಯಲ್ಲಿ ಹೋಯಿತು. ಅದರ ಒಂದು ಕೋಣೆಯನ್ನು ಮತ್ತೆ ಕಟ್ಟಿ ಇಲ್ಲಿನ ಶ್ಪ್ರೆಂಗೆಲ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಊರಿನಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅರ್ಧ ಜನ ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಇಲ್ಲಿಗೆ ಬಂದ ಹೊಸದರಲ್ಲಿ ಟ್ರಾಮ್ ಸ್ಟಾಪಿನಲ್ಲಿ ಬಗ್ಗಿ ಕಾಗದ ಹೆಕ್ಕಲು ನಾಚಿಕೆಯಾಗುತ್ತಿತ್ತು. ಒಂದು ದಿನ ಹೆಕ್ಕುತ್ತಿದ್ದೆ. ಒಬ್ಬ ಮುದುಕ ನಿಂತು ನೋಡಿದ. ಬಯ್ಯುತ್ತಾನೆ ಅಂದುಕೊಂಡೆ. ಈ ದೇಶದಲ್ಲಿ ತಪ್ಪು ತೊಟ್ಟಿಗೆ ಕಸ ಹಾಕಿದರೂ ಪಕ್ಕದ ಮನೆಯವರು ಪಾಠ ಮಾಡುತ್ತಾರೆ. ಏನು ಮಾಡುತ್ತೀಯಾ ಎಂದ. ಹೇಳಿದೆ. "ಓಹೋ, ಶ್ವಿಟರ್ಸ್!" ಎಂದು ಜೇಬಿನಿಂದ ತನ್ನ ಹಳೆಯ ಟಿಕೆಟ್ ತೆಗೆದು ನನ್ನ ಕೈಗಿಟ್ಟು ಹೋದ. ಅವತ್ತಿಂದ ನಾಚಿಕೆ ಬಿಟ್ಟಿದ್ದೇನೆ. ಒಂದು ಮಾತ್ರ ಬಿಟ್ಟಿಲ್ಲ. ಶೂ ತಗುಲಿದ ಕಾಗದ ಮೊದಲು ಕಣ್ಣಿಗೆ, ಆಮೇಲೆ ಚೀಲಕ್ಕೆ. ಕೈ ತಾನಾಗಿ ಹೋಗುತ್ತದೆ, ಏನು ಮಾಡೋದು.

ಕಾಗದವೂ ಇಲ್ಲಿ ಧಾರಾಳ. 2020ರ ಜನವರಿಯಿಂದ ಗಲ್ಲಾ ಯಂತ್ರ ಇರುವ ಅಂಗಡಿಯವರು ಪ್ರತಿ ವ್ಯಾಪಾರಕ್ಕೂ ರಸೀದಿ ಕೊಡಲೇಬೇಕು. ಒಂದು ಬನ್ ಕೊಂಡರೂ ಒಂದು ಚೀಟಿ. ಬೇಕರಿ ಮುಂದೆ ಅದೇ ಬಿದ್ದಿರುತ್ತದೆ. ನೋಡಲು ಚೆಂದ, ಆದರೆ ಮೋಸದ ಕಾಗದ. ಬಿಸಿಗೆ ಅಕ್ಷರ ಮೂಡುವಂಥದ್ದು. ಸುಕ್ಕು ಹೋಗಲಿ ಎಂದು ನಾನು ಇಸ್ತ್ರಿ ಇಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನೈದು ಚೀಟಿ ಕರ್ರಗಾದವು. ಆ ಕಪ್ಪನ್ನೇ ಒಂದು ಚಿತ್ರದಲ್ಲಿ ಬಳಸಿದೆ, ಅದು ಬೇರೆ ಮಾತು. ಹಾಗೇ ಬಿಟ್ಟರೆ ಬರಬರುತ್ತಾ ಅಕ್ಷರವೇ ಅಳಿಸಿಹೋಗುತ್ತದೆ.

ನನಗೆ ಹೆಚ್ಚು ಇಷ್ಟ ಪೋಸ್ಟರ್ ಕಂಬಗಳು. ಬರ್ಲಿನ್‌ನ ಮುದ್ರಕ ಅರ್ನ್‌ಸ್ಟ್ ಲಿಟ್ಫಾಸ್ 1855ರಲ್ಲಿ ನಿಲ್ಲಿಸಲು ಶುರು ಮಾಡಿದ ದಪ್ಪನೆಯ ದುಂಡು ಕಂಬಗಳು, ಈಗ ಎಲ್ಲ ಊರಲ್ಲೂ ಇವೆ. ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸಿ ಅಂಟಿಸಿ ಹಲಗೆಯಷ್ಟು ದಪ್ಪವಾಗುತ್ತದೆ. ಒಂದು ವಾರ ಮಳೆ ಹಿಡಿದರೆ ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಬಿದ್ದದ್ದನ್ನು ನೀರಲ್ಲಿ ನೆನೆಹಾಕಿದರೆ ಪದರ ಪದರ ಬಿಡಿಸಬಹುದು. ಆ ಕಾಗದದ ಬೆನ್ನು ನೀಲಿ. ಕೆಳಗಿನ ಹಳೆಯ ಪೋಸ್ಟರ್ ಮೇಲೆ ಕಾಣದಿರಲಿ ಎಂದು ಹಾಗೆ ಮಾಡುತ್ತಾರೆ. ಯಾರೂ ನೋಡಲಿ ಎಂದು ಮಾಡಿದ್ದಲ್ಲ ಆ ನೀಲಿ, ಅದಕ್ಕೇ ಇರಬೇಕು ಅಷ್ಟು ಚೆಂದ. ಹರಿಯುವುದರಲ್ಲೂ ಒಂದು ಹದ ಇದೆ. ನಿಮ್ಮ ಕಡೆಗೆ ಎಳೆದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ, ಆಚೆ ಎಳೆದರೆ ಇಲ್ಲ. ಪತ್ರಿಕೆ ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲು ಹಲ್ಲಾಗುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಲ್ಲಿನವರು ಕಾಗದವನ್ನು ನೋಡುತ್ತಾರೆ. ನಾವು ಓದುತ್ತೇವೆ. ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದದ ಕನ್ನಡಿಗನನ್ನು ನಾನು ನೋಡಿಲ್ಲ. ಮೂರು ವರ್ಷದ ಹಿಂದಿನ ಜಿಲ್ಲಾ ಪಂಚಾಯ್ತಿ ಸುದ್ದಿ, ಅದೂ ಅರ್ಧ, ಆದರೂ ಓದಬೇಕು. ಓದಿ ಆದ ಮೇಲೆ ಆ ಕಾಗದ ಯಾವ ಬಣ್ಣದ್ದಿತ್ತು ಎಂದು ಕೇಳಿ ನೋಡಿ. ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಕಣ್ಣು ಬಿಟ್ಟು ನೋಡುವುದಿಲ್ಲ.

ಸುಮ್ನೆ ಹೇಳುತ್ತಿಲ್ಲ. ಕಳೆದ ಜನವರಿಯಲ್ಲಿ ಎರಡು ವಾರ ಧಾರವಾಡಕ್ಕೆ ಹೋಗಿದ್ದೆ. ನಮ್ಮೂರ ಕಾಗದದಲ್ಲೇ ಒಂದು ದೊಡ್ಡ ಚಿತ್ರ ಮಾಡಬೇಕು ಎಂದು ಹೊರಟೆ. ಲೈನ್ ಬಜಾರ್, ಸುಭಾಸ ರೋಡು ತಿರುಗಿದೆ. ಸಿನಿಮಾ ಪೋಸ್ಟರ್ ಚೂರು, ಪಂಚಾಂಗದ ಹಾಳೆ, ಪೇಢೆ ಡಬ್ಬಿಯ ಮುಚ್ಚಳ, ಹಿಂದೆ ಚಿಲ್ಲರೆ ಬರೆದ ಬಸ್ ಟಿಕೆಟ್. ಬಣ್ಣ ಅಂದರೆ ಬಣ್ಣ! ಆ ರಾಣಿ ಗುಲಾಬಿ, ಆ ಗಿಳಿ ಹಸಿರು ಜರ್ಮನಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಪೋಸ್ಟರ್ ವಿಷಯದಲ್ಲಿ ಹಸುವಿನ ಜತೆ ಪೈಪೋಟಿ ಮಾಡಬೇಕಾಯಿತು. ಮೈದಾ ಅಂಟಿನ ಆಸೆಗೆ ಅದು ನನಗಿಂತ ಮೊದಲೇ ಕೆಳಗಿನಿಂದ ಹರಿದು ತಿಂದಿತ್ತು. ಪ್ಯಾರಿಸ್‌ನಲ್ಲಿ ಹೇನ್ಸ್ ಮತ್ತು ವಿಲೆಗ್ಲೆ ಎಂಬ ಕಲಾವಿದರು 1949ರಿಂದ ಗೋಡೆಯ ಹರುಕು ಪೋಸ್ಟರ್ ಕಿತ್ತು ತಂದು, ಇದೇ ಚಿತ್ರ ಎಂದು ತೂಗುಹಾಕಿದರು. ನಮ್ಮ ಹಸುವಿನದ್ದೂ ಅದೇ ದರ್ಜೆಯ ಕೆಲಸ. ಸಹಿ ಮಾತ್ರ ಹಾಕುವುದಿಲ್ಲ.

ಮೊದಲ ದಿನದ ಸಂಗ್ರಹವನ್ನು ಅವ್ವ ರದ್ದಿಯವನಿಗೆ ತೂಕಕ್ಕೆ ಹಾಕಿಬಿಟ್ಟಳು. "ಇಷ್ಟು ದೂರದಿಂದ ಬಂದು ರದ್ದಿ ಆರಸ್ತಿ ಏನು?" ಎಂದು ನನಗೇ ಬೈದಳು. ಎರಡನೇ ಸಲ ಚೀಲವನ್ನು ಮಂಚದ ಕೆಳಗೆ ಬಚ್ಚಿಟ್ಟೆ.

ಕಷ್ಟ ಶುರುವಾಗಿದ್ದು ಅಂಟಿಸಲು ಕೂತಾಗ. ಮನೆಯವರೆಲ್ಲ ಸುತ್ತ ನಿಂತರು, ನಿಂತು ಓದಿದರು. ಕಾಕಾ "ಭಾವಪೂರ್ಣ ಶ್ರದ್ಧಾಂ..." ತನಕ ಓದಿ, ಸತ್ತವರು ಯಾರು ಎಂದು ಉಳಿದ ಅರ್ಧ ಹುಡುಕಿದ. ಕಾಕು "ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾ..." ಓದಿ, ಇದು ಯಾವ ಓಣಿ ಎಂದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: "ಇದು ಏನಪಾ? ಆನಿ ಏನು?" ಏನೂ ಅಲ್ಲ ಅಂದೆ. "ಏನೂ ಅಲ್ಲ ಅಂದ್ರ ಯಾಕ ಮಾಡ್ತಿ?" ಇದಕ್ಕೆ ನನ್ನ ಹತ್ತಿರ ಆವತ್ತೂ ಉತ್ತರ ಇರಲಿಲ್ಲ.

ಸಿಟ್ಟು ಬಂತು. ಅರ್ಥ ಇಲ್ಲದಿದ್ದರೆ ನಮ್ಮವರಿಗೆ ಅನ್ನ ಕರಗುವುದಿಲ್ಲ ಎಂದು ಎದ್ದು ಹೊರಗೆ ಹೋದೆ. ಹ್ಯಾನೋವರ್‌ನ ಆ ಮುದುಕ ನೆನಪಾದ. ಅಲ್ಲಿ ಅಪರಿಚಿತನೊಬ್ಬ ಟಿಕೆಟ್ ಕೊಟ್ಟು ಹೋಗುತ್ತಾನೆ, ಇಲ್ಲಿ ಹೆತ್ತ ತಾಯಿ ತೂಕಕ್ಕೆ ಹಾಕುತ್ತಾಳೆ.

ಆದರೆ ಒಂದು ವಿಷಯ ಹೇಳದಿದ್ದರೆ ಸುಳ್ಳಾಗುತ್ತದೆ. ಅವರು ಯಾರೂ ಇಲ್ಲದಾಗಲೂ ನನ್ನಿಂದ ಆ ಚಿತ್ರ ಆಗಲಿಲ್ಲ. ಕನ್ನಡದ ಚೂರು ಕೈಗೆ ಬಂದರೆ ನಾನೂ ಓದುತ್ತಿದ್ದೆ. "ನಾಳೆಯೇ ಕೊನೆ ದಿ..." ಎಂಬ ಚೂರನ್ನು ತಲೆಕೆಳಗಾಗಿ ಅಂಟಿಸಲು ಕೈ ಬರಲಿಲ್ಲ. ಎರಡು ಚೂರು ಪಕ್ಕ ಬಂದರೆ ವಾಕ್ಯವಾಗುತ್ತಿತ್ತು, ನಾಲ್ಕಾದರೆ ಜೋಕ್ ಆಗುತ್ತಿತ್ತು. ಜರ್ಮನ್ ಅಕ್ಷರಗಳನ್ನು ಇಷ್ಟು ವರ್ಷ ಆರಾಮಾಗಿ ಹರಿದು ಬಿಸಾಡಿದ್ದು ನನ್ನ ಕಣ್ಣು ದೊಡ್ಡ ಕಲಾವಿದನದ್ದು ಎಂದಲ್ಲ. ನನ್ನ ಜರ್ಮನ್ ಇನ್ನೂ ಅಷ್ಟಕ್ಕಷ್ಟೇ, ಅದಕ್ಕೆ. ಶ್ವಿಟರ್ಸ್ ಹರಿದದ್ದು ತನ್ನ ತಾಯ್ನುಡಿಯನ್ನು. 1937ರಲ್ಲಿ ನಾಜಿಗಳ ಕಾಟಕ್ಕೆ ನಾರ್ವೆಗೆ, ಅಲ್ಲಿಂದ 1940ರಲ್ಲಿ ಬ್ರಿಟನ್ನಿಗೆ ಓಡಿಹೋಗಿ ಹೊರನಾಡಿಗನಾದ ಮೇಲೆ ಅಲ್ಲಿನ ಮಿಠಾಯಿ ಕಾಗದ, ಬಸ್ ಟಿಕೆಟ್ ಅಂಟಿಸಿದ, ಸರಿ. ಆದರೆ ಕತ್ತರಿ ಹಿಡಿದು ಶುರು ಮಾಡಿದ್ದು ಸ್ವಂತ ಮನೆಯಲ್ಲಿ.

ಇನ್ನೊಂದು ಮಾತು, ಒಲ್ಲದ ಮನಸ್ಸಿನಿಂದಲೇ ಬರೆಯುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವ್ವ ಬಂದು ಹಲಗೆಯ ಮುಂದೆ ನಿಂತಳು. ಓದಲಿಲ್ಲ. ಕನ್ನಡಕ ಹಾಕಿರಲಿಲ್ಲ. "ಆ ಕೆಂಪು ಭಾಳ ಆತು. ಈ ಮೂಲಿ ಖಾಲಿ ಬಿಡು" ಅಂದು ನೀರು ಕುಡಿದು ಹೋದಳು. ನಮ್ಮ ತರಗತಿಯಲ್ಲೂ ಇದನ್ನೇ ಹೇಳುತ್ತಾರೆ, ಅರ್ಧ ಗಂಟೆ ತಗೊಂಡು ಹೇಳುತ್ತಾರೆ. ಕೆಂಪು ಕಿತ್ತೆ. ಮೂಲೆ ಬಿಟ್ಟೆ. ಅವಳು ಹೇಳಿದ್ದು ಸರಿಯಿತ್ತು. ನಾನು ಹೊದ್ದುಕೊಂಡಿದ್ದು ಅಜ್ಜಿ ಹೊಲಿದ ಕೌದಿ. ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ. ಇದು ಏನು, ಆನಿಯಾ ಎಂದು ಕೌದಿಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಆದರೆ ಯಾವ ತುಂಡು ಯಾರದ್ದು ಎಂದು ಎಲ್ಲರೂ ಹೇಳುತ್ತಾರೆ. ಓದುವುದು, ನೋಡುವುದು ಎಂದು ನಾನು ಎರಡು ಭಾಗ ಮಾಡಿದ್ದೆನಲ್ಲ, ಅದು ಕೌದಿಯ ಕೆಳಗೆ ಮಲಗಿದಾಗ ಅಷ್ಟು ಸರಿ ಅನ್ನಿಸಲಿಲ್ಲ.

ಲಗ್ನಪತ್ರಿಕೆ ಹರಿದದ್ದು ಇದೆಲ್ಲ ಆದ ಮೇಲೆ, ಈ ಅಕ್ಟೋಬರ್‌ನಲ್ಲಿ. ನನ್ನ ಮುಖ ಬಾಡಿದ್ದು ಆ ಹೆಂಗಸಿಗೆ ಗೊತ್ತಾಗಿತ್ತು. ಮುಂದಿನ ಗುರುವಾರ ಒಂದು ಹಳೆಯ ನೋಟ್‌ಬುಕ್ ತಂದರು. ಅವರ ತಾಯಿಯದ್ದು, ಶಾಲೆಯ ದಿನಗಳದ್ದು. ಒಳಗೆಲ್ಲ ಚೂಪು ಚೂಪಾದ ಕೈಬರಹ. ಜ್ಯೂಟರ್‌ಲೀನ್ ಎಂಬ ಹಳೆಯ ಬರವಣಿಗೆ, 1941ರಲ್ಲಿ ಶಾಲೆಗಳಿಂದ ತೆಗೆದುಹಾಕಿದ್ದು. "ಇದನ್ನು ನನಗೂ ಓದಲು ಬರುವುದಿಲ್ಲ. ನೀನು ಹರಿ, ಲೆಕ್ಕ ಸರಿಯಾಗುತ್ತದೆ" ಅಂದರು. ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಅದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಅಬ್‌ಸ್ಟ್ರಾಕ್ಟ್ ಅಂದರೆ ಅಷ್ಟು ಅಬ್‌ಸ್ಟ್ರಾಕ್ಟ್. ಮೂರು ವಾರವಾಯಿತು, ಇನ್ನೂ ಹರಿದಿಲ್ಲ. ಪ್ರತಿ ಗುರುವಾರ "ಆಯಿತಾ?" ಎಂದು ಕೇಳುತ್ತಾರೆ.

ಅವರ ಚಿತ್ರದ ಫೋಟೋವನ್ನು ತಂಗಿಗೆ ಕಳಿಸಿದೆ. ಕಾರ್ಡ್ ಹೀಗಾಯಿತು, ಕ್ಷಮಿಸು ಎಂದು ದೊಡ್ಡದಾಗಿ ಬರೆದಿದ್ದೆ. ಅವಳು ಫೋನ್ ತಿರುಗಿಸಿ ನೋಡಿರಬೇಕು. ಎರಡು ನಿಮಿಷಕ್ಕೆ ಉತ್ತರ ಬಂತು. "ಅಣ್ಣಾ, ಠ ಸಿಕ್ತು. ಅಕ್ಕಿಕಾಳಿನ ಟೈಮ್ ಎಲ್ಲಿ ಹೋತು?"